ಹೂಂಗುಟ್ಟಿದ ಸೂರು

ಹನ್ನೊಂದು ವರ್ಷ ಬ್ಯಾಂಕಿಗೆ ಬಾಡಿಗೆಗಿದ್ದ ಮನೆ.
ಅವರು ಲಾಕರು, ಕೌಂಟರು, ಪೆನ್ನಿಗೆ ಕಟ್ಟಿದ ದಾರದ ಸಮೇತ
ಶಿಡ್ಲಘಟ್ಟದ ಆ ಕೊನೆಗೆ ಎದ್ದುಹೋದರು.
ಸೂರಿಗೆ ಕಚ್ಚಿದ ಬಿಳೀ ಬಿಲ್ಲೆಯೊಂದನ್ನು ಮರೆತರು.
ತಟ್ಟೆ ಇಡ್ಲಿಯ ಗಾತ್ರ,
ನಡುವೆ ಸಣ್ಣದೊಂದು ಕೆಂಪು ಕಣ್ಣು.

ನಾವು ಸಾಮಾನು ಇಳಿಸಿದ ಮೂರನೇ ತಿಂಗಳು
ಅದು ಲೊಚಗುಟ್ಟಲು ಹಿಡಿಯಿತು.
ನಿಮಿಷಕ್ಕೊಂದು ಸಲ. ಕ್ವಿಕ್.

ಅತ್ತೆ ಪಿಳ್ಳಮ್ಮನಿಗೆ ಕಣ್ಣು ಮಂಜು, ಕಿವಿ ಚುರುಕು.
‘ಚೂಡು, ಬಲ್ಲಿ ಪಲಿಕಿಂದಿ’ ಎಂದು
ಬೆರಳು ಮಡಚಿ ಗಿಣ್ಣಿನಿಂದ ನೆಲ ತಟ್ಟಿದರು.
ಆವತ್ತಿನಿಂದ ಆಡಿದ್ದೆಲ್ಲ ಸತ್ಯ.
ಹಿಪ್ಪುನೇರಳೆ ತೋಟ ಗುತ್ತಿಗೆಗೆ ಕೊಡಬಾರದು. ಕ್ವಿಕ್.
ನಾದಿನಿ ಒಯ್ದ ಓಲೆ ವಾಪಸು ಬರುವುದಿಲ್ಲ. ಕ್ವಿಕ್.
ಗೂಡಿನ ರೇಟು ಸೋಮವಾರ ಏರುತ್ತೆ,
ನನ್ನ ಸಾರಿಗೆ ಯಾವತ್ತೂ ಉಪ್ಪು ಒಂದು ಕೈ ಮುಂದು,
ಅದಕ್ಕೂ.
ಅವರ ಮಾತು ಉದ್ದ; ಯಾವುದಾದರೊಂದರ ಬಾಲಕ್ಕೆ
ಆ ಸದ್ದು ಬಿದ್ದೇ ಬೀಳುತ್ತಿತ್ತು.

ಬಾಣಲೆಗೆ ಒಣಮೆಣಸಿನಕಾಯಿ ಹಾಕಿದ ದಿನ
ಹಲ್ಲಿಯ ವೇಷ ಬಿಟ್ಟು ಆಂಬುಲೆನ್ಸಾಯಿತು.
ಎದುರಿನ ರೀಲಿಂಗ್ ಘಟಕದಿಂದ ಚಾಂದ್ ಪಾಷ
ಬಿಸಿನೀರಿನ ಕೈಯಲ್ಲೇ ಓಡಿಬಂದ.
ಪೊರಕೆ ತಲೆಕೆಳಗು ಹಿಡಿದು,
‘ಹೊಡೆದು ಬೀಳಿಸಲಾ ಅಕ್ಕಾ?’

ಬೇಡ ಎಂದೆ.
ಚಿಂತಾಮಣಿಯ ಐಟಿಐಯಲ್ಲಿ ಇಪ್ಪತ್ತೆರಡು ಹುಡುಗರ ನಡುವೆ
ಎಲೆಕ್ಟ್ರಿಷಿಯನ್ ಓದಿದವಳು ನಾನೊಬ್ಬಳೇ.
ಸರ್ಟಿಫಿಕೇಟು ಬೀರುವಿನಲ್ಲಿ, ಸೀರೆಗಳ ಕೆಳಗೆ,
ಹದಿನಾಲ್ಕು ವರ್ಷದ ನುಸಿಗುಳಿಗೆ ವಾಸನೆ ಹಿಡಿದು.
ಟೆಸ್ಟರು ಮಾತ್ರ, ಯಾಕೋ,
ಯಾವಾಗಲೂ ಸಾಸಿವೆ ಡಬ್ಬಿಯ ಪಕ್ಕ.

ಮೊದಲು ಟೆಸ್ಟರನ್ನೇ ಪರೀಕ್ಷಿಸಬೇಕು,
ಜೀವವಿರುವ ಸಾಕೆಟ್ಟಿಗೆ ಮುಟ್ಟಿಸಿ:
ನೀನು ಸುಳ್ಳು ಹೇಳುವವನಲ್ಲ ತಾನೆ?
ಆಮೇಲೆ ಮೇನ್ ಇಳಿಸಿದೆ.
ಬೋರ್ಡಿನ ಮುಂದೆ ಚಾಂದ್ ಪಾಷನನ್ನು ಕಾವಲಿಟ್ಟೆ.
ಫ್ಯಾನು ನಿಂತರೆ ಯಾರೆಂದು ಕೇಳದೆ
ಸ್ವಿಚ್ಚು ಎತ್ತಿಬಿಡುವ ಮನೆ ನಮ್ಮದು.

ಮರದ ಏಣಿ. ಹವಾಯಿ ಚಪ್ಪಲಿ. ಒರೆಸಿದ ಕೈ.
ಬಿಲ್ಲೆಯನ್ನು ಎಡಕ್ಕೆ ತಿರುಗಿಸಿದೆ.
ಉಪ್ಪಿನಕಾಯಿ ಜಾಡಿಯ ಹಾಗೆ ಒಂದು ಕ್ಷಣ ಹಟ ಹಿಡಿದು
ಕೈಗೆ ಬಂತು. ಹಿಂದೆ ಮೂರು ವೈರಿನ ಜಡೆ.
ಎಳೆಯಬಾರದು; ಕ್ಲಿಪ್ಪು ಒತ್ತಿ ಬಿಡಿಸಬೇಕು,
ಮಗುವಿನ ಕೂದಲಿಂದ ಬಿಡಿಸುವಂತೆ.
ತುದಿಗಳಿಗೆ ಟೆಸ್ಟರು ಮುಟ್ಟಿಸಿದೆ. ಬೆಳಗಲಿಲ್ಲ.
ಒಂದೊಂದಕ್ಕೂ ಬೇರೆ ಬೇರೆ ಟೇಪು ಸುತ್ತಿದೆ.
‘ಎರಡು ತಾಮ್ರ ಮುಖ ನೋಡಿಕೊಳ್ಳಬಾರದು’
ಎನ್ನುತ್ತಿದ್ದರು ಬೈರೇಗೌಡ ಸರ್,
ಹುಡುಗರ ಬೆಂಚಿಗೂ ನನಗೂ ನಡುವೆ ನಿಂತು.

ಆಗ, ನನ್ನ ಅಂಗೈಯಲ್ಲಿ,
ವೈರಿಲ್ಲದೆ, ಕರೆಂಟಿಲ್ಲದೆ,
ಕ್ವಿಕ್.

ಏಣಿ ಅಲುಗಿತು. ಕೆಳಗೆ ಅತ್ತೆ ನೆಲ ತಟ್ಟಿದರು.

ಮಗುಚಿ ನೋಡಿದೆ. ಹೊಟ್ಟೆಯಲ್ಲೊಂದು ಚೌಕ ಬ್ಯಾಟರಿ.
ಬೆನ್ನ ಮೇಲೆ ಮಸುಕು ಅಚ್ಚಿನ ತಾರೀಖು,
ಹತ್ತು ವರ್ಷಕ್ಕೆ ಬದಲಿಸಿ ಎಂಬ ಸಾಲು.
ಹತ್ತು ಮುಗಿದು ವರ್ಷದ ಮೇಲಾಗಿತ್ತು.
ಅದು ಯಾರ ಮಾತಿಗೂ ಹೂಂಗುಟ್ಟಿದ್ದಲ್ಲ.
ನನ್ನ ಕೈಲಾಗುತ್ತಿಲ್ಲ, ಇನ್ನು ನನ್ನ ನಂಬಬೇಡಿ, ಎಂದು
ನಿಮಿಷಕ್ಕೊಮ್ಮೆ ಒಪ್ಪಿಕೊಳ್ಳುತ್ತಿತ್ತು.
ನಾವು ಅದರ ಮೇಲೆ ತೋಟದ ತೀರ್ಮಾನ ಮಾಡಿದೆವು.

ಬ್ಯಾಟರಿ ಕಿತ್ತು ಗುಂಡಿ ಒತ್ತಿ ಹಿಡಿದೆ.
ಉಳಿದಿದ್ದ ಚೂರು ಉಸಿರು
ಕೀಚೆಂದು ಹೊರಟಿತು, ಇಳಿಯಿತು, ಹೋಯಿತು.
ಒಡೆದು ನೋಡೋಣ ಎಂದ ಮಗನ ಕೈಗೆ ಕೊಡಲಿಲ್ಲ.

ಟೇಪು ಸುತ್ತಿದ ವೈರುಗಳು ಸೂರಿನಿಂದ ಇಣುಕುತ್ತಿವೆ.
ಅವು ಹಾಗೇ ಇರಬಾರದು; ಹೊಗೆ ಹೇಳಿ ಬರುವುದಿಲ್ಲ.
ಹೊಸದು ತರಬೇಕು, ಒಲೆಯಿಂದ ದೂರ,
ನಾವು ಮಲಗುವ ಕಡೆ ಹಾಕಬೇಕು ಎಂದೆ.
ಗಂಡ ಯಾರಿಗೋ ಫೋನು ಹಚ್ಚಿದ.

‘ಅದಕ್ಕ್ಯಾಕೆ ಹೊರಗಿನವರು? ದುಡ್ಡು ದಂಡ.
ಇವಳೇ ಹಾಕ್ತಾಳೆ’ ಎಂದರು ಅತ್ತೆ,
ಬೆರಳು ಮಡಚಿ
ನೆಲದಿಂದ ಒಂದಂಗುಲ ಮೇಲೆ ಹಿಡಿದು
ಕಾದರು.

ಸೂರು ಸುಮ್ಮನಿತ್ತು.

ಸಾಸಿವೆ ಆರಿಸುತ್ತಿದ್ದವಳು ತಲೆ ಎತ್ತದೆ
ನಾನೇ ನಾಲಿಗೆಯಲ್ಲಿ ಲೊಚಗುಟ್ಟಿದೆ.